ಪಂಚಾಂಗದಲ್ಲಿರುವ ಅಪಾಯ: ಬಾಗಲಕೋಟೆ ಸೀಮೆಯ ರಸ್ತೆ ಸಾವುಗಳನ್ನು ಓದುವ ಬಗೆ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಗಳ ಪ್ರಕಾರ 2010ರಲ್ಲಿ ದೇಶದಲ್ಲಿ 4,99,628 ರಸ್ತೆ ಅಪಘಾತಗಳಾದವು. 1,34,513 ಜನ ಸತ್ತರು, 5,27,512 ಜನ ಗಾಯಗೊಂಡರು. 2023ರಲ್ಲಿ ಅಪಘಾತಗಳು 4,80,583, ಸಾವು 1,72,890, ಗಾಯಾಳುಗಳು 4,62,825. ಹದಿಮೂರು ವರ್ಷಗಳಲ್ಲಿ ಅಪಘಾತ ಇಳಿದಿದೆ, ಗಾಯಾಳುಗಳು ಇಳಿದಿದ್ದಾರೆ, ಸಾವು ಮಾತ್ರ ಏರಿದೆ. ನೂರು ಅಪಘಾತಕ್ಕೆ 27 ಇದ್ದ ಸಾವು 36 ಆಗಿದೆ.

ಇದಕ್ಕೆ ಎರಡು ಅರ್ಥ ಹೇಳಬಹುದು. ನಮ್ಮ ಅಪಘಾತಗಳು ಮೊದಲಿಗಿಂತ ಭೀಕರವಾಗುತ್ತಿವೆ ಎಂಬುದು ಒಂದು. ಸಣ್ಣಪುಟ್ಟ ಅಪಘಾತಗಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2022ರಲ್ಲಿ ಕೇರಳ 43,910 ಅಪಘಾತಗಳನ್ನು ದಾಖಲಿಸಿತು, ಉತ್ತರ ಪ್ರದೇಶ 41,746 ಅಪಘಾತಗಳನ್ನು. ಸಾವು ಕೇರಳದಲ್ಲಿ 4,317, ಉತ್ತರ ಪ್ರದೇಶದಲ್ಲಿ 22,595. ಉತ್ತರ ಪ್ರದೇಶದ ಒಂದೊಂದು ಅಪಘಾತವೂ ಕೇರಳದ್ದಕ್ಕಿಂತ ಐದು ಪಟ್ಟು ಘೋರ ಎಂದು ನಂಬುವುದು ಕಷ್ಟ. ಒಂದು ಕಡೆ ಕೈಕಾಲು ಮುರಿದದ್ದೂ ದಾಖಲಾಗುತ್ತದೆ, ಇನ್ನೊಂದು ಕಡೆ ಹೆಣ ಬಿದ್ದಾಗಲೇ ದಾಖಲೆ ಶುರುವಾಗುತ್ತದೆ ಎಂದು ಓದುವುದೇ ಹೆಚ್ಚು ಸಮಂಜಸ. ಕರ್ನಾಟಕ ಈ ಎರಡರ ನಡುವೆ ನಿಲ್ಲುತ್ತದೆ: 2023ರಲ್ಲಿ 43,440 ಅಪಘಾತ, 12,321 ಸಾವು.

ಸಾವಿನ ಸಂಖ್ಯೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. 2022ಕ್ಕೆ ಸಚಿವಾಲಯ 1,68,491 ಎಂದರೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 1,71,100 ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಭಾರತದ ಸಾವನ್ನು ಎರಡು ಲಕ್ಷಕ್ಕೂ ಮೇಲೆಂದು ಅಂದಾಜಿಸಿದೆ. ಆ ವರ್ಷದ ಸರ್ಕಾರಿ ಲೆಕ್ಕ 1,53,972. ಆದರೂ ಕೋಷ್ಟಕದ ಎಲ್ಲ ಅಂಕಣಗಳಲ್ಲಿ ಸಾವಿನದೇ ಹೆಚ್ಚು ನಂಬುವಂಥದ್ದು, ಗಾಯಾಳುಗಳದು ಅದಕ್ಕಿಂತ ಕಡಿಮೆ. ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾದದ್ದು ‘ಕಾರಣ’ ಎಂಬ ಅಂಕಣ.

2022ರ ವರದಿಯಲ್ಲಿ ಶೇ. 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣ. ಈ ಅಂಕಿ ಭಾಷಣಗಳಲ್ಲಿ, ರಸ್ತೆ ಸುರಕ್ಷತಾ ಸಪ್ತಾಹದ ಬ್ಯಾನರ್‌ಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅದು ಹುಟ್ಟುವುದು ಠಾಣೆಯಲ್ಲಿ. ಅಪಘಾತದ ಪ್ರಕರಣ ನಿಲ್ಲಬೇಕಾದರೆ ಚಾಲಕನ ದುಡುಕು ಇಲ್ಲವೆ ನಿರ್ಲಕ್ಷ್ಯವನ್ನು ಹೇಳಲೇಬೇಕು. ಮೊದಲು ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಕಲಮುಗಳು ಇದನ್ನು ಕೇಳುತ್ತಿದ್ದವು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1) ಕೇಳುತ್ತಿವೆ. ಹಾಗಾಗಿ ನಮ್ಮ ಕಡೆಯ ಫಿರ್ಯಾದಿಗಳಲ್ಲಿ ‘ಅತಿವೇಗ ಹಾಗೂ ನಿಷ್ಕಾಳಜಿಯಿಂದ’ ಎಂಬ ಮಾತು ತಪ್ಪದೆ ಬರುತ್ತದೆ. ಆರೋಪ ಹೊರಿಸಲು ಬೇಕಾದ ಈ ಮಾತೇ ಮುಂದೆ ಅಂಕಿಅಂಶದ ಕಾರಣವಾಗಿ ದಿಲ್ಲಿ ಸೇರುತ್ತದೆ. ವೇಗ ಕೊಲ್ಲುವುದಿಲ್ಲ ಎಂದು ನನ್ನ ವಾದವಲ್ಲ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವಿನ ಅಪಘಾತಗಳು ಸುಮಾರು ಶೇ. 4ರಷ್ಟು ಹೆಚ್ಚುತ್ತವೆ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಮಾತು. ಆದರೆ ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಯಾವುದಕ್ಕೆ ಗುದ್ದಿದ ವೇಗ ಎಂಬುದನ್ನು ಈ ಅಂಕಣ ಮುಚ್ಚಿಬಿಡುತ್ತದೆ.

ಬಾಗಲಕೋಟೆ ಜಿಲ್ಲೆ ಇದನ್ನು ಪರೀಕ್ಷಿಸಲು ಒಳ್ಳೆಯ ನೆಲೆ. ವಿಜಯಪುರದಿಂದ ಚಿತ್ರದುರ್ಗದತ್ತ ಇಳಿಯುವ ರಾಷ್ಟ್ರೀಯ ಹೆದ್ದಾರಿ 50 ಹುನಗುಂದ, ಇಳಕಲ್ ಮೂಲಕ ಹೋಗುತ್ತದೆ, ಅದು ಚತುಷ್ಪಥ. ವಿಜಯಪುರ–ಹುಬ್ಬಳ್ಳಿ ಹೆದ್ದಾರಿ 52 ಗದ್ದನಕೇರಿ ಕ್ರಾಸ್, ಕೆರೂರು, ಕುಳಗೇರಿ ಕ್ರಾಸ್ ಹಾದುಹೋಗುತ್ತದೆ. ಅದು ಬಹುಮಟ್ಟಿಗೆ ದ್ವಿಪಥ. ಇವೆರಡನ್ನೂ ಅಡ್ಡಹಾಯ್ದು ಬೆಳಗಾವಿ ಕಡೆಯಿಂದ ಲೋಕಾಪುರ, ಬಾಗಲಕೋಟೆ, ಅಮೀನಗಡ, ಹುನಗುಂದಗಳ ಮೇಲೆ ರಾಯಚೂರಿಗೆ ಹೋಗುವ ಹಳೆಯ ರಾಯಚೂರು–ಬಾಚಿ ರಸ್ತೆ ಇದೆ. ಈ ರಸ್ತೆಗಳ ಮೇಲೆ ಓಡಾಡುವುದನ್ನು ನೋಡಿ: ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿ, ಬಾದಾಮಿ–ಪಟ್ಟದಕಲ್ಲು–ಐಹೊಳೆಗೆ ಹೊರಟ ಪ್ರವಾಸಿಗರ ಕಾರು, ಕೂಲಿಗೆ ಹೊರಟವರನ್ನು ತುಂಬಿಕೊಂಡ ಕ್ರೂಸರ್, ಟಂಟಂ, ಸಂತೆಯಿಂದ ಮೂವರು ಕೂತು ಮರಳುವ ಬೈಕು, ಕುರಿ ಹಿಂಡು. ಎಲ್ಲಕ್ಕೂ ಒಂದೇ ಡಾಂಬರು.

ಇವುಗಳ ನಡುವೆ ಕಬ್ಬಿನ ಟ್ರ್ಯಾಕ್ಟರನ್ನು ಪ್ರತ್ಯೇಕವಾಗಿ ನೋಡಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನೀರು ಹರಿದ ಕಡೆಯೆಲ್ಲ ಕಬ್ಬು ಬಂದಿದೆ, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದಿವೆ. ಅಕ್ಟೋಬರ್–ನವೆಂಬರದಿಂದ ಮಾರ್ಚ್‌ವರೆಗೆ ಅರೆಯುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಗಲಿರುಳು ಸಾಲುಗಟ್ಟುತ್ತವೆ. ಕಬ್ಬು ಟ್ರೇಲರಿನ ಹಿಂಬದಿಗೆ ಚಾಚಿಕೊಂಡು, ಕೆಂಪು ದೀಪವಿದ್ದರೆ ಅದನ್ನೂ, ರಿಫ್ಲೆಕ್ಟರ್ ಪಟ್ಟಿಯಿದ್ದರೆ ಅದನ್ನೂ ಮುಚ್ಚುತ್ತದೆ. ಟೇಪು ಜೋರಾಗಿ ಹಚ್ಚಿಕೊಂಡ ಚಾಲಕನಿಗೆ ಹಿಂದಿನ ಹಾರ್ನ್ ಕೇಳುವುದೂ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ತುಂಬಿದ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿದೆ, ಹಿಂದಿನ ಕಾರು 80ರಲ್ಲಿದೆ. ನಡುವಿನ ಅಂತರ ಸೆಕೆಂಡಿಗೆ ಸುಮಾರು 17 ಮೀಟರ್ ಕರಗುತ್ತದೆ. ಎದುರಿನಿಂದ ಬಸ್ಸು ಬಂತೆಂದು ಕಾರಿನವನು ಡಿಮ್ ಹಾಕಿದರೆ ಅವನಿಗೆ ಸ್ಪಷ್ಟವಾಗಿ ಕಾಣುವುದು 50 ಮೀಟರಿನಷ್ಟು. ಅಂದರೆ ಅವನ ಕೈಯಲ್ಲಿರುವುದು ಮೂರು ಸೆಕೆಂಡು. ಅದರಲ್ಲಿ ಒಂದೂವರೆ, ಎರಡು ಸೆಕೆಂಡು ಕಂಡದ್ದೇನೆಂದು ತಿಳಿದು ಬ್ರೇಕ್ ಒತ್ತುವುದರಲ್ಲೇ ಹೋಗುತ್ತದೆ. ಕಾರಿನವನು ವೇಗದ ಮಿತಿಯೊಳಗೇ ಇದ್ದಿರಬಹುದು. ಠಾಣೆಯ ದಾಖಲೆಯಲ್ಲಿ ಮಾತ್ರ ಇದೂ ಅತಿವೇಗವೇ. 2022ರ ರಾಷ್ಟ್ರೀಯ ವರದಿಯಲ್ಲಿ ಹಿಂದಿನಿಂದ ಗುದ್ದಿದ ಅಪಘಾತಗಳು ಐದರಲ್ಲಿ ಒಂದರಷ್ಟಿವೆ. ಅತಿ ಹೆಚ್ಚು ಅಪಘಾತಗಳು ಸಂಜೆ 6ರಿಂದ 9ರ ನಡುವೆ ಆಗಿವೆ. ಮೂರರಲ್ಲಿ ಎರಡು ನೇರ ರಸ್ತೆಯಲ್ಲೇ ಸಂಭವಿಸಿವೆ. ತಿರುವು, ಗುಂಡಿಗಳಿಗಿಂತ ನೇರ ರಸ್ತೆಯ ಕತ್ತಲೆಗೆ ನಾವು ಹೆಚ್ಚು ಗಮನ ಕೊಡಬೇಕಿತ್ತು.

ಈಗ ಬ್ಲ್ಯಾಕ್‌ಸ್ಪಾಟ್ ವಿಚಾರ. ಸಚಿವಾಲಯದ ವ್ಯಾಖ್ಯೆಯಂತೆ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾದರೆ, ಇಲ್ಲವೆ ಹತ್ತು ಸಾವು ಸಂಭವಿಸಿದರೆ ಅದು ಬ್ಲ್ಯಾಕ್‌ಸ್ಪಾಟ್. ಗದ್ದನಕೇರಿಯಂಥ ಕ್ರಾಸುಗಳಿಗೆ, ಊರೊಳಗಿನ ಕೂಡುರಸ್ತೆಗಳಿಗೆ ಇದು ಒಪ್ಪುವ ಅಳತೆ. ಕಬ್ಬಿನ ಟ್ರ್ಯಾಕ್ಟರಿಗೆ ಒಪ್ಪುವುದಿಲ್ಲ. ಅದು ಹತ್ತಾರು ಕಿಲೋಮೀಟರ್ ಚಲಿಸುವ ಅಪಾಯ. ಈ ವರ್ಷ ಇಲ್ಲಿ ಒಬ್ಬ, ಮುಂದಿನ ವರ್ಷ ನಾಲ್ಕು ಕಿಲೋಮೀಟರ್ ಆಚೆ ಇಬ್ಬರು ಸತ್ತರೆ ಯಾವ 500 ಮೀಟರಿನಲ್ಲೂ ಐದು ಕೂಡುವುದಿಲ್ಲ. ನಕ್ಷೆಯ ಮೇಲೆ ಚದುರಿಹೋದ ಈ ಸಾವುಗಳನ್ನು ತಿಂಗಳವಾರು ಜೋಡಿಸಿದರೆ ಗುಂಪುಗೂಡುವುದು ಕಾಣುತ್ತದೆ. ಈ ಸೀಮೆಯ ಅಪಾಯ ಸ್ಥಳಕ್ಕಿಂತ ಹೆಚ್ಚಾಗಿ ಪಂಚಾಂಗಕ್ಕೆ ಕಟ್ಟುಬಿದ್ದಿದೆ ಎಂಬುದೇ ಈ ಟಿಪ್ಪಣಿಯ ಮುಖ್ಯ ಪ್ರತಿಪಾದನೆ.

ಕಾಲ್ನಡಿಗೆಯ ಯಾತ್ರಿಕರನ್ನು ತೆಗೆದುಕೊಳ್ಳಿ. ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿಗೆ ಸುತ್ತಲ ಜಿಲ್ಲೆಗಳಿಂದ ಜನ ನಡೆದು ಬರುತ್ತಾರೆ. ಅದು ಬರುವುದು ಜನವರಿಯ ಆಸುಪಾಸಿನಲ್ಲಿ, ಅರೆಯುವ ಹಂಗಾಮು ಏರಿದ ಹೊತ್ತಿನಲ್ಲಿ, ಪ್ರವಾಸಿಗರ ಕಾರುಗಳೂ ಹೆಚ್ಚಿರುವ ಕಾಲದಲ್ಲಿ. ಯುಗಾದಿಗೆ ಮುಂಚೆ ಮಲ್ಲಯ್ಯನ ದರ್ಶನಕ್ಕೆ ಶ್ರೀಶೈಲದ ಪಾದಯಾತ್ರೆ. ಬಿಸಿಲಿಗೆ ಅಂಜಿ ಬೆಳಗಿನ ಜಾವ, ರಾತ್ರಿ ನಡೆಯುವವರೇ ಹೆಚ್ಚು. 2022ರ ವರದಿಯಂತೆ ದೇಶದ ರಸ್ತೆ ಸಾವುಗಳಲ್ಲಿ ಪಾದಚಾರಿಗಳು ಶೇ. 19.5. ವರ್ಷದ ಉಳಿದ ದಿನಗಳಲ್ಲಿ ಯಾರೂ ನಡೆಯದ ಹೆದ್ದಾರಿಯ ಅಂಚಿನಲ್ಲಿ ಕೆಲವೇ ದಿನ ಸಾವಿರಾರು ಜನ ನಡೆದಾಗ, ಆ ಅಂಚು ಯಾವ ಬ್ಲ್ಯಾಕ್‌ಸ್ಪಾಟ್ ಪಟ್ಟಿಗೂ ಬರುವುದಿಲ್ಲ.

ಹೆಲ್ಮೆಟ್ಟಿನ ಸಂಗತಿ ಇದಕ್ಕೆ ವಿರುದ್ಧ: ಅದು ದಿನನಿತ್ಯದ್ದು. 2022ರಲ್ಲಿ ದೇಶದ ರಸ್ತೆ ಸಾವುಗಳಲ್ಲಿ ಶೇ. 44.5 ದ್ವಿಚಕ್ರ ವಾಹನದವರದು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂಬದಿ ಸವಾರರು. ಒಳ್ಳೆಯ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಶೇ. 40ರಷ್ಟು, ತಲೆಪೆಟ್ಟನ್ನು ಶೇ. 70ರಷ್ಟು ಇಳಿಸುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡದ್ದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. 2019ರ ತಿದ್ದುಪಡಿ ಕಾಯ್ದೆ ದಂಡವನ್ನು 1,000 ರೂಪಾಯಿಗೆ ಏರಿಸಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಜನರ ಕೋಪಕ್ಕೆ ಮಣಿದ ಆ ಇಳಿಕೆ ತಪ್ಪು ಸಂದೇಶ ಕೊಟ್ಟಿತೆಂದೇ ನನ್ನ ಅಭಿಪ್ರಾಯ.

ಬಾಗಲಕೋಟೆ ಊರಿಗೆ ಇದರಲ್ಲಿ ವಿಶೇಷವಾದದ್ದೊಂದಿದೆ. ಆಲಮಟ್ಟಿ ಹಿನ್ನೀರಿನಿಂದ ಊರು ಒಡೆದು ಹಳೇ ಊರು, ವಿದ್ಯಾಗಿರಿ, ನವನಗರ ಎಂದು ಹರಡಿಕೊಂಡಿತು. ಅಂಗಡಿ ಒಂದು ಕಡೆ, ಕಚೇರಿ ಒಂದು ಕಡೆ, ಮನೆ ಮತ್ತೊಂದು ಕಡೆ. ಮುಳುಗಡೆ ಊರಿನ ಪ್ರತಿ ಮನೆಯನ್ನೂ ಬೈಕಿಗೆ ಕಟ್ಟಿಹಾಕಿತು. ‘ಇಲ್ಲೇ ನವನಗರಕ್ಕ ಹೋಗಿ ಬರ್ತೀನಿ’ ಎನ್ನುವವನ ಕಣ್ಣಿಗೆ ಅದು ಪ್ರಯಾಣವೇ ಅಲ್ಲ, ಹಾಗಾಗಿ ಹೆಲ್ಮೆಟ್ ಮನೆಯ ಗೂಟದಲ್ಲೇ ಉಳಿಯುತ್ತದೆ. ಹೆದ್ದಾರಿ 50ರ ಬದಿಯ ಹಳ್ಳಿಗಳಲ್ಲಿ ಇಂಥದೇ ಇನ್ನೊಂದು ನಡವಳಿಕೆ: ಡಿವೈಡರಿನ ತೆರಪು ದೂರವಿದ್ದರೆ ಬೈಕಿನವರು ಎದುರುಮುಖವಾಗಿಯೇ ಬರುತ್ತಾರೆ. ಇದನ್ನು ಬರಿಯ ಅಶಿಸ್ತು ಎಂದು ಬೈದು ಪ್ರಯೋಜನವಿಲ್ಲ. ಹೊಲ ಆಚೆಗೆ, ಮನೆ ಈಚೆಗೆ ಇರುವವನನ್ನು ಲೆಕ್ಕಕ್ಕೆ ಹಿಡಿಯದೆ ರಸ್ತೆ ಕಟ್ಟಿದ್ದರ ಫಲವೂ ಅದು.

ಪೆಟ್ಟಾದ ಮೇಲಿನ ಮಾತು ಸ್ವಲ್ಪವೇ. 108 ಆಂಬುಲೆನ್ಸ್ 2008ರಿಂದ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಪೀಡಿಸಕೂಡದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. 2025ರ ಮೇ ತಿಂಗಳಿನಿಂದ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಜಾರಿಯಲ್ಲಿದೆ. ಆದರೆ ಇಳಕಲ್ಲಿನ ಬಳಿ ತಲೆಗೆ ಪೆಟ್ಟಾದವನಿಗೆ ಜಿಲ್ಲಾ ಕೇಂದ್ರವೇ ಅರವತ್ತು ಕಿಲೋಮೀಟರ್ ದೂರ. ಮೊದಲ ಒಂದು ತಾಸು ದಾರಿಯಲ್ಲೇ ಮುಗಿಯುತ್ತದೆ.

ಈ ಸಾವುಗಳನ್ನು ಪಂಚಾಂಗದಂತೆ ಓದಲು ಬೇಕಾದ ಮಾಹಿತಿಗೆ ಹೊಸ ಸಮೀಕ್ಷೆಯ ಅಗತ್ಯವಿಲ್ಲ. ಇ-ಡಾರ್ ಎಂಬ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಲ್ಲಿ ಪೊಲೀಸರು ಅಪಘಾತದ ಸ್ಥಳ, ಹೊತ್ತು, ವಾಹನದ ಬಗೆಯನ್ನು ಮೊಬೈಲಿನಲ್ಲೇ ತುಂಬುತ್ತಾರೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅದನ್ನು ತಾಲ್ಲೂಕುವಾರು, ತಿಂಗಳವಾರು ಬಿಡಿಸಿ, ಅರೆಯುವ ಹಂಗಾಮು ಆರಂಭವಾಗುವ ಮುನ್ನ ಕನ್ನಡದಲ್ಲಿ ಪ್ರಕಟಿಸಲಿ. ಹಿಂಬದಿ ದೀಪವಿಲ್ಲದ ಟ್ರೇಲರಿಗೆ ಕಾರ್ಖಾನೆಯ ಗೇಟಿನಲ್ಲೇ ತೂಕದ ಚೀಟಿ ನಿರಾಕರಿಸುವ ನಿಯಮ ಬರಲಿ. ಹಂಗಾಮಿನ ಶುರುವಿಗೆ ರಿಫ್ಲೆಕ್ಟರ್ ಹಚ್ಚಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ಮಾರ್ಚ್‌ವರೆಗೆ ಉಳಿಯುವುದಿಲ್ಲ. ತೂಕದ ಚೀಟಿಯ ಭಯ ಉಳಿಯುತ್ತದೆ.