ಒಂದು ಬಲ್ಬಿಗೆ ಹಾಕಿದ ಫ್ಯೂಸ್

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಚ್ಚಲಿನ ನಲ್ಲಿ ಮುಟ್ಟಿದ ಅವ್ವನ ಕೈ ಜುಂ ಎಂದಿತು. "ಗೋಡೆ ನೆಂದದೆ ಕಣಪ್ಪ, ಅಷ್ಟೇಯ" ಎಂದು ಅವ್ವ ಸುಮ್ಮನಾದಳು. ನಮಗೆ ಸಮಾಧಾನವಾಗಲಿಲ್ಲ. ವೈರಿಂಗ್ ಕೆಲಸದ ಅಣ್ಣನನ್ನು ಕರೆಸಿದೆವು.

ಜಗುಲಿಯ ಗೋಡೆಯಲ್ಲಿ ತಾತನ ಕಾಲದ ಮರದ ಹಲಗೆ. ಅದರ ಮೇಲೆ ಎರಡು ಬಿಳಿ ಪಿಂಗಾಣಿ ಫ್ಯೂಸ್. ಕಿತ್ತು ನೋಡಿದರೆ ಒಳಗೆ ಫ್ಯೂಸ್ ವೈರೇ ಇಲ್ಲ. ಹಳೇ ವೈರಿನಿಂದ ಬಿಡಿಸಿದ ಐದಾರು ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿತ್ತು. ಕಟ್ಟಿದವರು ಬೇರೆ ಯಾರೂ ಅಲ್ಲ, ನಾವೇ. ಒಂದು ಹಬ್ಬದ ದಿನ ಪದೇ ಪದೇ ಫ್ಯೂಸ್ ಹೋಗಿ ಬೇಸತ್ತು ಮಾಡಿದ ಕೆಲಸ ಅದು.

"ಇದು ಫ್ಯೂಸ್ ಅಲ್ಲ ಕಣಪ್ಪ, ಮೊಳೆ ಹೊಡ್ದಂಗೆ" ಎಂದರು ಆ ಅಣ್ಣ.

ಆ ಹಲಗೆ ಅಲ್ಲಿಗೆ ಹೇಗೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟ್ ತಯಾರಾಯಿತು. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಉರಿಯಿತು. ಜಲಪಾತದ ಸದ್ದು ಕೇಳಿಸುವ ಹಳ್ಳಿಗಳು ಮಾತ್ರ ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. 1957ರಲ್ಲಿ ವಿದ್ಯುತ್ ಮಂಡಳಿ ಆದಮೇಲೆ ಲೈನುಗಳು ಊರೂರಿಗೆ ಬಂದವು. 1980ರ ಸುಮಾರಿಗೆ ಭಾಗ್ಯಜ್ಯೋತಿ ಬಂದು ಬಡವರ ಗುಡಿಸಲಿಗೂ ಒಂದು ದೀಪ ಸಿಕ್ಕಿತು.

ನೆನಪಿಡಿ, ಒಂದು ದೀಪ. ಉಳ್ಳವರ ಮನೆಯಲ್ಲಾದರೂ ನಾಲ್ಕು ಬಲ್ಬು, ಒಂದು ರೇಡಿಯೊ. 40 ವ್ಯಾಟಿನ ನಾಲ್ಕು ಬಲ್ಬು ಉರಿದರೆ ಎಳೆಯುವುದು ಒಂದು ಆಂಪಿಯರಿಗೂ ಕಡಿಮೆ. ಅದಕ್ಕೆ ತಕ್ಕಂತೆ ಸಣ್ಣ ವೈರು, ಸಣ್ಣ ಫ್ಯೂಸ್. ಅಂದಿಗೆ ಅದು ಸರಿಯಾದ ಕೆಲಸವೇ.

ಆಮೇಲೆ ಟಿವಿ ಬಂತು, ಮಿಕ್ಸಿ ಬಂತು, ಫ್ರಿಜ್, ಗೀಸರ್, ವಾಷಿಂಗ್ ಮಷೀನ್ ಬಂದವು. ಗೋಡೆಗೆ ಬಣ್ಣ ಹೊಡೆಸಿದೆವು, ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಹಲಗೆ ಮಾತ್ರ ಹಾಗೇ ಉಳಿಯಿತು. ಇಂದು 2000 ವ್ಯಾಟಿನ ಗೀಸರ್, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, 750 ವ್ಯಾಟಿನ ಮಿಕ್ಸಿ ಒಟ್ಟಿಗೆ ಓಡಿದರೆ 16 ಆಂಪಿಯರ್ ದಾಟುತ್ತದೆ. 5 ಆಂಪಿಯರಿನ ಫ್ಯೂಸ್ ವೈರು ಕೂದಲಿನಷ್ಟು ಸಣ್ಣದು, 0.2 ಮಿಲಿಮೀಟರ್. ಅದು ಕರಗಲೇಬೇಕು, ಕರಗುವುದೇ ಅದರ ಕೆಲಸ. ನಾವು ದಪ್ಪ ತಂತಿ ಕಟ್ಟಿದರೆ ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ವೈರು ಕಾದು ಸುಡುತ್ತದೆ.

ನಮ್ಮ ಹಲಗೆಯಲ್ಲಿ ಇನ್ನೊಂದು ಅಪಾಯವಿತ್ತು. ಒಂದು ಫ್ಯೂಸ್ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ದೀಪ ಆರುತ್ತದೆ, ಕರೆಂಟ್ ಇಲ್ಲ ಎಂದುಕೊಳ್ಳುತ್ತೇವೆ. ಆದರೆ ಫೇಸ್ ವೈರು ಮನೆಯೊಳಗೆ ಜೀವಂತವಾಗೇ ಇರುತ್ತದೆ. ಹೋಲ್ಡರಿಗೆ ಕೈ ಹಾಕಿದವನ ಗತಿ?

ಇನ್ನು ಮುಖ್ಯ ಮಾತು. ಸರಿಯಾದ ಫ್ಯೂಸ್ ಇದ್ದರೂ ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 40 ವ್ಯಾಟಿನ ಬಲ್ಬು ಎಳೆಯುವುದು ಸುಮಾರು 170 ಮಿಲಿ ಆಂಪಿಯರ್. ಅಷ್ಟು ಕರೆಂಟ್ ಎದೆಯ ಮೂಲಕ ಹರಿದರೆ ಜೀವ ಹೋಗಬಹುದು. 5 ಆಂಪಿಯರಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ.

ಈ ಕೊರತೆ ತುಂಬಲು ಎರಡು ಸಾಧನ ಬಂದವು. ಮೊದಲನೆಯದು ಎಂಸಿಬಿ. ಜರ್ಮನಿಯ ಹ್ಯೂಗೊ ಸ್ಟಾಟ್ಜ್ 1924ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಲೋಡ್ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ತಾನೇ ಕೆಳಗೆ ಬೀಳುತ್ತದೆ. ತಂತಿ ಕಟ್ಟುವ ಗೋಜಿಲ್ಲ, ನಮ್ಮಂಥವರು ಕೈಯಾಡಿಸಲು ಜಾಗವೂ ಇಲ್ಲ. ಎರಡನೆಯದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದು. ಅಷ್ಟು ಸೋರಿದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಡಿಯುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಇದೂ ಉಳಿಸಲಾರದು.

ನಾವು ಎರಡನ್ನೂ ಹಾಕಿಸಿದೆವು. ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿಸಿದೆವು. ಗೀಸರಿಗೆ ಬೇರೆ ದಪ್ಪ ವೈರು ಎಳೆಸಿದೆವು. ಗೀಸರ್ ಹಾಕಿದ ತಕ್ಷಣ ಆರ್‌ಸಿಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಗೀಸರಿನ ಕಾಯಿಲ್ ಸೀಳಿ ನೀರಿಗೆ ಕರೆಂಟ್ ಸೋರುತ್ತಿತ್ತು, ಹಳೇ ಅರ್ಥ್ ವೈರು ಗೋಡೆಯೊಳಗೇ ತುಂಡಾಗಿತ್ತು. ಅವ್ವನ ಕೈ ಜುಂ ಎಂದದ್ದು ಗೋಡೆ ನೆಂದಿದ್ದರಿಂದಲ್ಲ.

ನಿಮ್ಮ ಮನೆಯಲ್ಲೂ ಪಿಂಗಾಣಿ ಫ್ಯೂಸ್ ಇದ್ದರೆ ಲೈಸೆನ್ಸ್ ಇರುವವರಿಂದಲೇ ಬದಲಿಸಿ. ಮೀಟರಿನ ಸೀಲ್ ನೀವು ಮುಟ್ಟಬೇಡಿ, ಕಂಬದಲ್ಲಿ ಲೈನ್‌ಮ್ಯಾನ್ ಕರೆಂಟ್ ತೆಗೆಯಲಿ. ಹಳೇ ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿಸಿದರೆ ಅದೂ ತಾಮ್ರದ ಎಳೆ ಕಟ್ಟಿದಂತೆಯೇ. ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಕಿತ್ತು ಹಾಕಬೇಡಿ, ಎಲ್ಲಿ ಸೋರುತ್ತಿದೆ ಹುಡುಕಿಸಿ. 2023ರಿಂದ ಗೃಹಜ್ಯೋತಿಯಲ್ಲಿ ಬಹಳಷ್ಟು ಮನೆಗಳ ಬಿಲ್ ಸೊನ್ನೆಯಾಗಿದೆ. ಉಳಿದ ದುಡ್ಡಿನಲ್ಲಿ ಮೊದಲ ಪಾಲು ಈ ಕೆಲಸಕ್ಕಿರಲಿ.

ಆರ್‌ಸಿಸಿಬಿ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಬೀಳಬೇಕು, ಬಿದ್ದರೆ ಸರಿಯಾಗಿದೆ ಎಂದರ್ಥ. ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆ ಅದನ್ನು ಒತ್ತುವುದು ಅವ್ವನ ಕೆಲಸ.