ಹಿರಿಯ ನಾಗರಿಕರಿಗೆ ಕೃತಕ ಹಲ್ಲುಗಳು: ಆಯ್ಕೆಗಳು ಮತ್ತು ಸೌಲಭ್ಯ ಪಡೆಯುವ ವಿಧಾನ
(ಕುಣಿಗಲ್ ತಾಲ್ಲೂಕು, ಹುತ್ರಿದುರ್ಗ ಹೋಬಳಿಯ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜವೆಂಬ ನಂಬಿಕೆ ಪ್ರಚಲಿತವಾಗಿದೆ. ಆದರೆ ಹಲ್ಲು ಬೀಳುವುದಕ್ಕೆ ಮುಪ್ಪೊಂದೇ ಕಾರಣವಲ್ಲ. ಹುಳುಕು, ಒಸಡಿನ ರೋಗ ಮತ್ತು ಹೊಗೆಸೊಪ್ಪಿನ ಬಳಕೆ ಪ್ರಮುಖ ಕಾರಣಗಳಾಗಿವೆ. 80ನೇ ವಯಸ್ಸಿನಲ್ಲಿಯೂ ಕನಿಷ್ಠ 20 ಸ್ವಂತ ಹಲ್ಲುಗಳು ಉಳಿದಿರಬೇಕೆಂಬ ಗುರಿಯ ಕಾರ್ಯಕ್ರಮವನ್ನು ಜಪಾನ್ ದೇಶವು 1989ರಲ್ಲಿಯೇ ಆರಂಭಿಸಿತು.

ರಾಗಿ ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿರುವ ಈ ಭಾಗದಲ್ಲಿ ಹಲ್ಲಿಲ್ಲದವರೂ ಹೊಟ್ಟೆ ತುಂಬ ಊಟ ಮಾಡಬಲ್ಲರು. ಇದರಿಂದಾಗಿ ಹಲ್ಲಿನ ಕೊರತೆಯು ಮನೆಯವರ ಗಮನಕ್ಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಕಾಳು, ಕಡಲೆಕಾಯಿ, ಹಸಿ ತರಕಾರಿ ಹಾಗೂ ಗಟ್ಟಿ ಹಣ್ಣುಗಳು ಊಟದಿಂದ ಬಿಟ್ಟುಹೋಗಿರುತ್ತವೆ. ದವಡೆಯ ಮೂಳೆಯೂ ಸವೆದಿರುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಈ ಸವೆತ ಅತಿ ಹೆಚ್ಚು. ಮೂಳೆ ಸವೆದಷ್ಟೂ ಹಲ್ಲಿನ ಸೆಟ್ಟು ಭದ್ರವಾಗಿ ನಿಲ್ಲುವುದು ಕಷ್ಟವಾಗುವುದರಿಂದ ವಿಳಂಬ ಮಾಡದೆ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

ಲಭ್ಯವಿರುವ ಆಯ್ಕೆಗಳು

1. ಪೂರ್ಣ ದಂತಪಂಕ್ತಿ: ಒಂದು ದವಡೆಯಲ್ಲಿ ಯಾವುದೇ ಹಲ್ಲು ಉಳಿದಿಲ್ಲದವರಿಗೆ ಇದನ್ನು ಅಕ್ರಿಲಿಕ್‌ನಿಂದ ತಯಾರಿಸಲಾಗುತ್ತದೆ. ತೆಗೆದು ಹಾಕಬಹುದಾದ ಸೆಟ್ಟು ಇದು. ಮೇಲಿನ ಸೆಟ್ಟು ಅಂಗುಳನ್ನು ಹಿಡಿದು ನಿಲ್ಲುತ್ತದೆ. ಕೆಳಗಿನ ಸೆಟ್ಟಿಗೆ ಆಧಾರ ಕಡಿಮೆಯಿದ್ದು, ನಾಲಿಗೆಯ ಚಲನೆಯಿಂದ ಅಲುಗಾಡುವ ಸಂಭವವಿರುವುದರಿಂದ ಅದು ರೂಢಿಯಾಗಲು ಹೆಚ್ಚು ದಿನಗಳು ಬೇಕಾಗುತ್ತವೆ.

2. ಭಾಗಶಃ ದಂತಪಂಕ್ತಿ: ಕೆಲವು ಹಲ್ಲುಗಳು ಮಾತ್ರ ಇಲ್ಲದಿದ್ದಲ್ಲಿ ಉಳಿದ ಹಲ್ಲುಗಳ ಆಧಾರದಲ್ಲಿ ಕೂರಿಸಲಾಗುತ್ತದೆ. ಇದನ್ನೂ ತೆಗೆದು ಹಾಕಬಹುದು. ಅಕ್ರಿಲಿಕ್ ಅಥವಾ ಲೋಹದ ಚೌಕಟ್ಟಿನಿಂದ ತಯಾರಿಸಲಾಗುತ್ತದೆ.

3. ಬ್ರಿಡ್ಜ್: ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳನ್ನು ಅರೆದು, ಅವುಗಳ ಮೇಲೆ ಕೃತಕ ಹಲ್ಲನ್ನು ಸ್ಥಿರವಾಗಿ ಅಂಟಿಸಲಾಗುತ್ತದೆ. ಆಧಾರದ ಹಲ್ಲುಗಳು ಗಟ್ಟಿಯಾಗಿದ್ದರೆ ಮಾತ್ರ ಸಾಧ್ಯ.

4. ಇಂಪ್ಲಾಂಟ್: ದವಡೆಯ ಮೂಳೆಯೊಳಗೆ ಟೈಟಾನಿಯಂ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲನ್ನು ಜೋಡಿಸಲಾಗುತ್ತದೆ. ಸ್ವೀಡನ್ನಿನ ಪ್ರೊ. ಬ್ರಾನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಈ ವಿಧಾನವನ್ನು ಅಳವಡಿಸಿದರು. ಮೂಳೆಯು ಲೋಹದೊಡನೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್‌ಗಳನ್ನು ಕೂರಿಸಿದರೆ ಅಲುಗಾಡುವ ಪೂರ್ಣ ಸೆಟ್ಟನ್ನೂ ಭದ್ರಪಡಿಸಬಹುದು. ವೆಚ್ಚ ಹೆಚ್ಚು.

5. ಹಲ್ಲು ಕಟ್ಟಿಸದಿರುವುದು: ಹಿಂಬದಿಯ ಒಂದೆರಡು ದವಡೆ ಹಲ್ಲುಗಳು ಮಾತ್ರ ಇಲ್ಲದಿದ್ದು, ಅಗಿಯಲು ತೊಂದರೆಯಿಲ್ಲದಿದ್ದಲ್ಲಿ ಹಾಗೆಯೇ ಬಿಡಬಹುದು. ಇದನ್ನೂ ದಂತವೈದ್ಯರು ಪರೀಕ್ಷಿಸಿಯೇ ನಿರ್ಧರಿಸತಕ್ಕದ್ದು.

ಆಯ್ಕೆಗೆ ಮುನ್ನ

ವಯಸ್ಸು ಮಾತ್ರ ಯಾವುದೇ ಆಯ್ಕೆಗೆ ಅಡ್ಡಿಯಲ್ಲ. ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ತಂಬಾಕು ಸೇವನೆಯಿಂದ ಇಂಪ್ಲಾಂಟ್ ವಿಫಲವಾಗುವ ಸಂಭವ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ ತೆಗೆದುಕೊಳ್ಳುತ್ತಿರುವವರು ಹಾಗೂ ಮುಖದ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರು ಹಲ್ಲು ಕೀಳಿಸುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಮಾತ್ರೆಗಳನ್ನು ಸ್ವಇಚ್ಛೆಯಿಂದ ನಿಲ್ಲಿಸಬಾರದು.

ಸೌಲಭ್ಯ ಪಡೆಯುವ ವಿಧಾನ

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಒದಗಿಸಲು ಕರ್ನಾಟಕ ಸರ್ಕಾರವು 2014-15ನೇ ಸಾಲಿನಲ್ಲಿ 'ದಂತ ಭಾಗ್ಯ' ಯೋಜನೆಯನ್ನು ಆರಂಭಿಸಿತು. ದಂತ ವೈದ್ಯಕೀಯ ಕಾಲೇಜುಗಳ ಸಹಯೋಗದಲ್ಲಿ ರೂಪಿಸಿದ ಈ ಯೋಜನೆಯನ್ನು ಮೊದಲಿಗೆ 60 ವರ್ಷ ಮೇಲ್ಪಟ್ಟವರಿಗಾಗಿ ಜಾರಿಗೊಳಿಸಲಾಯಿತು. ಅರ್ಜಿದಾರರು ಪ್ರಸಕ್ತ ಆದೇಶದಂತೆ ಇರುವ ವಯೋಮಿತಿ ಮತ್ತು ಅರ್ಹತೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಹುತ್ರಿದುರ್ಗ ಹೋಬಳಿಯ ನಾಗರಿಕರು ಮೊದಲು ಕುಣಿಗಲ್ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು ಅನುಕೂಲಕರ. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆ ಅಥವಾ ದಂತ ವೈದ್ಯಕೀಯ ಕಾಲೇಜುಗಳಿಗೆ ಹೋಗಬೇಕಾಗಬಹುದು. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು, ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇವೆ.

ಜೊತೆಯಲ್ಲಿ ತರಬೇಕಾದವು: ಪಡಿತರ ಚೀಟಿ, ಆಧಾರ್ ಕಾರ್ಡ್, ವಯಸ್ಸಿನ ದಾಖಲೆ, ಸೇವಿಸುತ್ತಿರುವ ಔಷಧಿಗಳ ಚೀಟಿ.

ಎಷ್ಟು ಬಾರಿ ಬರಬೇಕು?

ಪೂರ್ಣ ಸೆಟ್ಟಿಗೆ ಸಾಮಾನ್ಯವಾಗಿ ಐದು ಭೇಟಿಗಳು ಬೇಕಾಗುತ್ತವೆ: ಮೊದಲ ಅಚ್ಚು, ಅಂತಿಮ ಅಚ್ಚು, ದವಡೆಗಳ ಹೊಂದಾಣಿಕೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವುದು ಮತ್ತು ಸೆಟ್ಟು ನೀಡುವುದು. ಹಲ್ಲು ಕೀಳಿಸಿದವರು ಒಸಡು ಮಾಯುವವರೆಗೆ ಕೆಲವು ವಾರ ಕಾಯಬೇಕು. ಮನೆಯಿಂದ ಒಬ್ಬರು ಜೊತೆಗೆ ಬರುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಸೆಟ್ಟು ಪಡೆದ ಮೇಲೆಯೂ ಚಿಕಿತ್ಸೆ ಮುಗಿದಂತಲ್ಲ. ಮೊದಲ ದಿನಗಳಲ್ಲಿ ಅದು ಒತ್ತಿ ಹುಣ್ಣಾಗುವುದು ಸಾಮಾನ್ಯ. ಒತ್ತುವ ಜಾಗವನ್ನು ವೈದ್ಯರು ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಲ್ಲರು. ಮತ್ತೊಮ್ಮೆ ಆಸ್ಪತ್ರೆಗೆ ಹೋಗಲು ಬೇಸರಪಟ್ಟು ಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟರೆ ಅದುವರೆಗಿನ ಓಡಾಟವೆಲ್ಲ ವ್ಯರ್ಥವಾಗುತ್ತದೆ. ಆರಂಭದಲ್ಲಿ ಮೆತ್ತಗಿನ ಆಹಾರವನ್ನು ಸಣ್ಣ ತುತ್ತುಗಳಾಗಿ, ಎರಡೂ ಬದಿಯಲ್ಲಿ ಅಗಿಯುವುದನ್ನು ರೂಢಿಸಿಕೊಳ್ಳಬೇಕು.

ನಿರ್ವಹಣೆ ಮತ್ತು ಎಚ್ಚರಿಕೆ

* ಪ್ರತಿ ರಾತ್ರಿ ಸೆಟ್ಟನ್ನು ತೆಗೆದು, ಮೆದು ಬ್ರಷ್ಷಿನಿಂದ ಸೋಪಿನ ನೀರಿನಲ್ಲಿ ತೊಳೆದು ತಣ್ಣೀರಿನಲ್ಲಿಡಬೇಕು. ಬಿಸಿ ನೀರಿನಲ್ಲಿ ಅದರ ಆಕಾರ ಕೆಡುತ್ತದೆ.
* ಒಸಡು, ಅಂಗುಳು ಮತ್ತು ನಾಲಿಗೆಯನ್ನೂ ದಿನವೂ ಶುಚಿಗೊಳಿಸಬೇಕು.
* ಸಡಿಲವಾದ ಅಥವಾ ಮುರಿದ ಸೆಟ್ಟನ್ನು ಮನೆಯಲ್ಲಿ ಅಂಟು ಹಾಕಿ ಬಳಸಬಾರದು.
* ನೋಂದಣಿಯಿಲ್ಲದವರಿಂದ ಹಲ್ಲು ಕಟ್ಟಿಸಿಕೊಳ್ಳಬಾರದು. ಪಕ್ಕದ ಹಲ್ಲುಗಳಿಗೆ ಅಕ್ರಿಲಿಕ್ ಮೆತ್ತಿ ಕೂರಿಸುವ ಹಲ್ಲಿನಿಂದ ಉಳಿದ ಹಲ್ಲುಗಳೂ ಹಾಳಾಗುತ್ತವೆ.
* ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರಗಳಲ್ಲಿ ಮಾಯದಿದ್ದಲ್ಲಿ ಕೂಡಲೇ ತೋರಿಸಬೇಕು. ಹೊಗೆಸೊಪ್ಪು ಬಳಸುವವರಲ್ಲಿ ಇದು ಬಾಯಿ ಕ್ಯಾನ್ಸರಿನ ಲಕ್ಷಣವಾಗಿರಬಹುದು.
* ಒಂದೂ ಹಲ್ಲಿಲ್ಲದವರು ಸಹ ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.