ಆವರಣ ಸಂಗೀತ

ಭಿತ್ತಿ, ಕಮಾನು, ಗುಮ್ಮಟಗಳನ್ನು ನಾದದ ಮೂಕ ಆಶ್ರಯಗಳೆಂದು ಬಗೆಯದೆ, ಅವುಗಳ ಅನುರಣನವನ್ನೇ ವಾದ್ಯವಾಗಿ ಗ್ರಹಿಸಿ ರಚಿಸುವ ವಿದ್ಯುನ್ಮಾನ ಸಂಗೀತ. 1958ರ ಬ್ರಸೆಲ್ಸ್ ಪ್ರದರ್ಶನದ ಫಿಲಿಪ್ಸ್ ಮಂಟಪದಲ್ಲಿ ಎಡ್ಗಾರ್ ವರೇಸನು ನೂರಾರು ಧ್ವನಿವರ್ಧಕಗಳಿಂದ ನಾದವನ್ನು ಗೋಡೆಗುಂಟ ಸಂಚರಿಸುವಂತೆ ಮಾಡಿದನು. 1969ರಲ್ಲಿ ಅಮೆರಿಕದ ಆಲ್ವಿನ್ ಲೂಸಿಯರನು ತನ್ನ ಮಾತನ್ನು ಧ್ವನಿಮುದ್ರಿಸಿ, ಅದನ್ನು ಕೋಣೆಯೊಳಗೆ ನುಡಿಸಿ ಮತ್ತೆ ಮತ್ತೆ ಮುದ್ರಿಸುತ್ತ ಹೋದಂತೆಲ್ಲ, ಆ ಕೋಣೆಗೆ ಸಹಜವಾದ ಕಂಪನಾಂಕಗಳು ಮಾತ್ರ ಪುಷ್ಟಿಗೊಂಡು, ಅಕ್ಷರಗಳು ಕರಗಿ, ಕೇವಲ ನಾದವುಳಿಯಿತು. ಈ ತತ್ತ್ವವನ್ನು ಇಷ್ಟು ಸರಳವಾಗಿ ತೋರಿದ ಕೃತಿ ವಿರಳ. ಕನ್ನಡನಾಡಿನಲ್ಲಿ ಇದರ ಮರ್ಮವನ್ನರಿಯಬಯಸುವವರು ವಿಜಯಪುರದ ಗೋಳಗುಮ್ಮಟವನ್ನೇರಬೇಕು (ಜನಸಂದಣಿ ಇಲ್ಲದ ಮುಂಜಾನೆಯೇ ಲೇಸು). 17ನೆಯ ಶತಮಾನದ ಆ ಗುಮ್ಮಟದಡಿಯ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮರುನುಡಿಯುವುದು. ಎದುರುಬದಿಯ ಪಿಸುಮಾತೂ ಕಿವಿಗೆಟಕುವುದು.